ಮೂರನೆಯ ಅಂಶ ಸುಳ್ಳಾದ ಬಗ್ಗೆ ಮಾನ್ಯ ಶಾಸಕರಲ್ಲಿ ದೂರು

ಹರಿ ಪೋದ್ದಾರ್ ಲೇನ್,
ಲೇಕ್ ಮಾರ್ಕೆಟ್ ಹಿಂಭಾಗ, ಕಲ್ಕತ್ತಾ.
೧೯೮೭ ಏಪ್ರಿಲ್ ೧೯, ಭಾನುವಾರ

ನಮ್ಮ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಎರಡನೆಯ ಬಾರಿಗೆ ಅಲಂಕರಿಸಿರುವ ಶ್ರೀ ಭವತೋಷ ಸಮಾದ್ದಾರ್ ಅವರ ಸನ್ನಿಧಿಗೆ,

ಮಾನ್ಯರೇ,

ಕಾಳಿಘಾಟಿನ ತಾಯಿಯೂ ಉಡುಪಿಯ ಕೃಷ್ಣನೂ, ತಾವು ಅವರಿಬ್ಬರನ್ನೂ ನಂಬದಿದ್ದರೂ, ತಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಹಾರೈಸಿ ಈ ಪತ್ರವನ್ನು ಆರಂಭಿಸುತ್ತೇನೆ.

ಕಳೆದ ತಿಂಗಳ ಚುನಾವಣೆಯಲ್ಲಿ ತಾವು ಹಿಂದಿಗಿಂತ ದೊಡ್ಡ ಅಂತರದಿಂದ ಗೆದ್ದು ಬಂದಿರಿ. ಆ ಸಂತೋಷವನ್ನು ನಾವಿನ್ನೂ ಪೂರ್ತಿ ಅನುಭವಿಸುವ ಮೊದಲೇ ತಮ್ಮ ಪಕ್ಷದ ಲೋಕಲ್ ಕಮಿಟಿಯಿಂದ ನನಗೊಂದು ಕಾಗದ ಬಂದಿತು. ತಮ್ಮ ಐದು ವರ್ಷಗಳ ಸಾಧನೆಯ ಪತ್ರವನ್ನು ನಾನು ಕನ್ನಡಕ್ಕೆ ತಪ್ಪಾಗಿ ಅನುವಾದಿಸಿ, ಅದನ್ನು ತಮ್ಮ ಬಾಯಿಂದಲೇ ಓದಿಸಿ, ತಮ್ಮನ್ನು ಸಭೆಯಲ್ಲಿ ನಗೆಪಾಟಲು ಮಾಡಿದೆನೆಂದೂ, ಹದಿನೈದು ದಿನದೊಳಗೆ ಬಹಿರಂಗವಾಗಿ ಲಿಖಿತ ವಿವರಣೆ ಕೊಡತಕ್ಕದ್ದೆಂದೂ ಅದರಲ್ಲಿತ್ತು. ಬಹಿರಂಗವಾಗಿ ಎಂದು ತಾವೇ ಅಪ್ಪಣೆ ಕೊಡಿಸಿರುವುದರಿಂದ ಈ ಪತ್ರದ ಒಂದು ಪ್ರತಿಯನ್ನು ನಮ್ಮ ಹೋಟೆಲಿನ ಗೋಡೆಗೂ ಅಂಟಿಸುತ್ತಿದ್ದೇನೆ. ವಿವರಣೆಯ ಜೊತೆಗೆ ನನ್ನದೂ ಒಂದು ದೂರಿದೆ. ದೂರನ್ನು ಮೊದಲೇ ಹೇಳಿದರೆ ಮರ್ಯಾದೆಯಲ್ಲವೆಂದು ಕೊನೆಗೆ ಇಟ್ಟುಕೊಂಡಿದ್ದೇನೆ.

ನಾನು ಅಂಬುಜಾ. ಲೇನಿನ ತಿರುವಿನಲ್ಲಿ ಇಡ್ಲಿ, ದೋಸೆ, ಕಾಫಿಯ ಸಣ್ಣ ಹೋಟೆಲು ನಡೆಸುವ ಮುರಾರಿಯವರ ಹೆಂಡತಿ. ಮದುವೆಯಾಗಿ ಉಡುಪಿಯಿಂದ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂಗಾಳಿ ಓದುವುದನ್ನು ಕಲಿತದ್ದು ಟ್ರಾಮಿನ ಹಲಗೆಗಳಿಂದ, ಬರೆಯುವುದನ್ನು ಕಲಿತದ್ದು ನಗರಪಾಲಿಕೆಗೆ ಅರ್ಜಿ ಹಾಕಿ ಹಾಕಿ. ಬೇರೆ ಯಾರಿಗೂ ಪುರುಸೊತ್ತಿಲ್ಲದ ಕಾರಣ ಇಲ್ಲಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿಯೂ ನಾನೇ.

ಜನವರಿಯ ಎರಡನೆಯ ವಾರ ತಮ್ಮ ಲೋಕಲ್ ಕಮಿಟಿಯ ಅನುಕೂಲ್‌ದಾ ನಮ್ಮ ಹೋಟೆಲಿಗೆ ಬಂದರು. ದಾ ಎಂದರೆ ಅಣ್ಣ, ಅವರು ನನ್ನನ್ನು ಕರೆಯುವ ಬೌದಿ ಎಂದರೆ ಅತ್ತಿಗೆ; ಅನುಕೂಲ ಎಂದರೆ ಕನ್ನಡದಲ್ಲಿಯೂ ಅನುಕೂಲವೇ ಆದ್ದರಿಂದ ಅವರ ಹೆಸರಿನ ಮೇಲೆ ನಮಗೆ ಮೊದಲಿನಿಂದಲೂ ಒಂದು ಭರವಸೆ. ಅವರು ಒಂದು ಕಾಫಿ ಕುಡಿದು, ಇನ್ನೊಂದಕ್ಕೆ ಹೇಳಿ, ಮೇಜಿನ ಮೇಲೆ ಬಂಗಾಳಿಯ ನಾಲ್ಕು ಪುಟಗಳನ್ನು ಹರಡಿದರು. ಹತ್ತು ಅಂಶಗಳ ಸಾಧನಾ ಪತ್ರ. ಪ್ರತಿ ವಾಕ್ಯವೂ ನಾನು, ನಾನು ಎಂದು ತಮ್ಮದೇ ಮಾತಿನಲ್ಲಿತ್ತು. ಮತದಾರರ ಪಟ್ಟಿ ನೋಡಿದಾಗ ಲೇಕ್ ಮಾರ್ಕೆಟಿನ ಸುತ್ತ ನೂರಾ ಹನ್ನೆರಡು ಮಂದಿ ಕನ್ನಡಿಗರಿದ್ದಾರೆಂದು ಗೊತ್ತಾಯಿತಂತೆ.

"ಬೌದಿ, ಮೊದಲು ತಮಿಳಿನದನ್ನೇ ನಿಮಗೂ ಹಂಚೋಣವೆಂದಿದ್ದೆವು. ಆಮೇಲೆ ಭವತೋಷ್‌ದಾ ಹೇಳಿದರು, ಇವರು ಬೇರೆಯಂತೆ," ಎಂದರು.

ಮಾನ್ಯರೇ, ಇದಕ್ಕೆ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಇಪ್ಪತ್ತೆರಡು ವರ್ಷ ಈ ಊರಿನ ಪ್ರತಿಯೊಬ್ಬರೂ ನನ್ನನ್ನು ಮಾದ್ರಾಜಿ ಎಂದು ಕರೆದಿದ್ದಾರೆ. ನಾವು ಬೇರೆ ಎಂಬುದನ್ನು ಮೊದಲ ಬಾರಿಗೆ ಕಂಡುಹಿಡಿದ ಜನಪ್ರತಿನಿಧಿ ತಾವು. ಅದೇ ಉಬ್ಬಿನಲ್ಲಿ ನಾನು ಒಪ್ಪಿಕೊಂಡೆ.

ಕಷ್ಟ ಶುರುವಾದದ್ದು ಬರೆಯಲು ಕುಳಿತ ಮೇಲೆ. ಮೊದಲನೆಯ ಅಂಶವೇ "ಹರಿ ಪೋದ್ದಾರ್ ಲೇನನ್ನು ನಾನು ಬೆಳಕಿನ ಸಾಗರವಾಗಿಸಿದ್ದೇನೆ" ಎಂದಿತ್ತು. ಸಾಗರಕ್ಕೆ ಕನ್ನಡದಲ್ಲಿ ಪದವಿದೆ, ಬೆಳಕಿಗೂ ಇದೆ. ಆದರೆ ಅದೇ ಲೇನಿನಲ್ಲಿ ಸಂಜೆ ಗೋಡೆ ತಡವಿಕೊಂಡು ಮನೆ ಸೇರುವ ನನಗೆ ಆ ಎರಡನ್ನು ಜೋಡಿಸಲು ಕೈ ಬರಲಿಲ್ಲ. ರುಚಿ ನೋಡದೆ ಸಾರು ಬಡಿಸುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಹತ್ತು ಅಂಶಗಳನ್ನೂ ಕಣ್ಣಾರೆ ಕಂಡೇ ಬರೆಯುತ್ತೇನೆಂದು ನಿಶ್ಚಯಿಸಿದೆ. ಮುರಾರಿಯವರು ಕಾವಲಿಯ ಮೇಲೆ ನೀರು ಚಿಮುಕಿಸುತ್ತ, "ಅಲ್ಲ ಮಾರಾಯ್ತಿ, ಅವರು ಬರೆದದ್ದನ್ನು ಹಾಗೇ ಕನ್ನಡದಲ್ಲಿ ಬರೆದುಕೊಟ್ರೆ ಆಯ್ತಪ್ಪ. ನಿನಗೆ ಎಂತಕ್ಕೆ ಊರ ಉಸಾಬರಿ?" ಎಂದರು. ನಮ್ಮ ಹೋಟೆಲಿನ ತಗಡಿನ ಮಾಡು ಫುಟ್‌ಪಾತಿನ ಮೇಲೆ ಮೂರು ಅಡಿ ಚಾಚಿಕೊಂಡಿದೆ. ಅದು ಅಲ್ಲಿ ನಿಂತಿರುವುದು ತಮ್ಮ ಕಮಿಟಿಯ ಕೃಪೆಯಿಂದ. ಅದನ್ನು ಕೀಳಿಸಿಯಾರೆಂಬುದು ಮುರಾರಿಯವರ ಹೆದರಿಕೆ.

ನನ್ನ ಜೊತೆಗೆ ಬಂದವನು ವಿಶ್ವೇಶ್ವರ. ಧಾರವಾಡದವನು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸೊಳ್ಳೆಗಳ ಮೇಲೆ ಸಂಶೋಧನೆ ಮಾಡುತ್ತಾನೆ, ಎರಡು ಹೊತ್ತು ನಮ್ಮಲ್ಲೇ ಊಟ. ಅವನು ಒಂದು ನೋಟುಪುಸ್ತಕ, ಒಂದು ಗಾಜಿನ ಸೀಸೆ ಹಿಡಿದು ಹೊರಟ.

ದೀಪ ಸಿಕ್ಕಿತು. ಸುಳ್ಳು ಹೇಳಬಾರದು, ಇಡೀ ಲೇನಿಗೆ ಒಂದು ದೀಪವನ್ನು ತಾವು ಹಾಕಿಸಿದ್ದೀರಿ, ಅದು ಚೆನ್ನಾಗಿಯೇ ಉರಿಯುತ್ತದೆ, ಮಧ್ಯಾಹ್ನ. ಸಂಜೆ ಆರಕ್ಕೆ ಸರಿಯಾಗಿ ಆರಿಹೋಗುತ್ತದೆ. ಕಂಬದ ಎದುರಿನ ಮನೆಯ ಮುದುಕರನ್ನು ವಿಚಾರಿಸಿದರೆ, ಹದಿನಾಲ್ಕು ತಿಂಗಳಿಂದ ಹೀಗೇ ಎಂದರು. ನಾನು ಕನ್ನಡದಲ್ಲಿ ಬರೆದೆ: "ಸೂರ್ಯನಿಗೆ ಸಹಾಯಕನಾಗಿ ಒಂದು ದೀಪವನ್ನು ನೇಮಿಸಿದ್ದೇನೆ. ಇಬ್ಬರೂ ಸಂಜೆ ಒಟ್ಟಿಗೆ ಕೆಲಸ ಬಿಡುತ್ತಾರೆ." ಕಾರ್ಮಿಕರ ಹಕ್ಕುಗಳ ಬಗ್ಗೆ ತಮಗಿರುವ ಕಾಳಜಿ ಇದರಲ್ಲಿ ಮೂಲಕ್ಕಿಂತ ಚೆನ್ನಾಗಿ ಬಂದಿದೆಯೆಂದು ಈಗಲೂ ನನ್ನ ನಂಬಿಕೆ.

ಎರಡನೆಯ ಅಂಶ ಚರಂಡಿಯದು. ಲೇನಿನ ಹಳೆಯ ಚರಂಡಿಗೆ ತಾವು ಉದ್ದಕ್ಕೂ ಅಂದವಾದ ಸಿಮೆಂಟಿನ ಮುಚ್ಚಳ ಹಾಕಿಸಿದ್ದೀರಿ. ಆದರೆ ನೀರು ಇಳಿಯಲು ಒಂದು ತೂತನ್ನಾದರೂ ಬಿಡುವುದು ಗುತ್ತಿಗೆದಾರರಿಗೆ ಮರೆತುಹೋಗಿದೆ. ಮಳೆ ಬಂದಾಗ ನೀರು ಚರಂಡಿಯನ್ನು ಹುಡುಕಿ ಹುಡುಕಿ ಸೋತು ನಮ್ಮ ಹೋಟೆಲಿನೊಳಗೆ ಬಂದು ಬೆಂಚುಗಳ ಕೆಳಗೆ ಕೂರುತ್ತದೆ. ಮೂರು ದಿನ ಕೂತಿದ್ದು, ಏನೂ ತಿನ್ನದೆ ಎದ್ದು ಹೋಗುತ್ತದೆ. ವಿಶ್ವೇಶ್ವರ ಮಾತ್ರ ಲೇನಿನ ಮೂಲೆಯೊಂದರಲ್ಲಿ ವರ್ಷವಿಡೀ ನಿಂತಿರುವ ನೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೀಸೆ ತುಂಬಿಸಿ, ಬೆಳಕಿಗೆ ಹಿಡಿದು ನೋಡಿ ಗದ್ಗದಿತನಾದ. "ವೈನಿ, ಇಂಥಾ ಸೊಳ್ಳಿ ಮರಿ ಇಡೀ ಶಹರದಾಗ ಎಲ್ಲೂ ಸಿಗೂದಿಲ್ರಿ. ನೀವು ಇದನ್ನ ಬರದು, ಅವರು ಗಟಾರ ರಿಪೇರಿ ಮಾಡಿಸಿಬಿಟ್ರ ನನ್ನ ಪಿಎಚ್‌ಡಿ ಮುಣುಗ್ತದ," ಎಂದ. ಅವರು ರಿಪೇರಿ ಮಾಡಿಸುವುದಿಲ್ಲ, ನೀನು ನಿಶ್ಚಿಂತೆಯಿಂದ ಓದು ಎಂದು ತಮ್ಮ ಪರವಾಗಿ ನಾನೇ ಭರವಸೆ ಕೊಟ್ಟೆ. ಅದನ್ನು ತಾವು ಇವತ್ತಿನವರೆಗೂ ಉಳಿಸಿಕೊಟ್ಟಿದ್ದೀರಿ.

ಮಕ್ಕಳ ಉದ್ಯಾನವನ್ನೂ ನೋಡಿದೆವು. ಅದು ಏಳನೆಯ ಅಂಶ, ಆದರೆ ದಾರಿಯಲ್ಲಿ ಮೊದಲು ಸಿಗುತ್ತದೆ. ಅಲ್ಲಿ ಜಾರುಬಂಡೆಯಿದೆ, ಏಣಿಯಿಲ್ಲ. ಏಣಿ ಮುಂದಿನ ವರ್ಷದ ಬಜೆಟ್ಟಿನಲ್ಲಿದೆಯೆಂದು ಅಲ್ಲಿನ ಮಾಲಿ ಹೇಳಿದ. ಮಕ್ಕಳು ಜಾರುವ ಕಡೆಯಿಂದಲೇ ಕೈಕಾಲು ಬಳಸಿ ಹತ್ತುತ್ತಾರೆ, ಅರ್ಧಕ್ಕೆ ಬಂದು ಅಲ್ಲಿಂದಲೇ ಜಾರುತ್ತಾರೆ. ಮೇಲೆ ತಲುಪಿದವರು ಇನ್ನೂ ಯಾರೂ ಇಲ್ಲ. ಮೇಲಿನವರು ಕೆಳಗಿನವರು ಎಂಬ ಭೇದವೇ ಇಲ್ಲದ ಇಂಥ ಜಾರುಬಂಡೆ ತಮ್ಮ ಆಳ್ವಿಕೆಯಲ್ಲಲ್ಲದೆ ಬೇರೆಲ್ಲಿ ಸಾಧ್ಯವೆಂದು ನಾನು ಮನಸ್ಸಾರೆ ಬರೆದೆ.

ಹತ್ತನೆಯ ಅಂಶವಾದ "ವಿಧಾನಸಭೆಯಲ್ಲಿ ಕ್ಷೇತ್ರದ ದನಿ" ಎಂಬುದನ್ನು ಕಣ್ಣಾರೆ ಕಾಣುವಂತಿರಲಿಲ್ಲವಾದ್ದರಿಂದ ಅನುಕೂಲ್‌ದಾರನ್ನೇ ಕೇಳಿದೆ. ತಾವು ಐದು ವರ್ಷದಲ್ಲಿ ಸಮುದ್ರದಾಚೆಯ ನಿಕರಾಗುವಾ ದೇಶದ ಬಗ್ಗೆ ಒಂಬತ್ತು ಸಲ, ದಕ್ಷಿಣ ಆಫ್ರಿಕದ ಬಗ್ಗೆ ಆರು ಸಲ ಮಾತಾಡಿದ್ದೀರೆಂದು ಅವರು ಹೆಮ್ಮೆಯಿಂದ ಹೇಳಿದರು. ಲೇಕ್ ಮಾರ್ಕೆಟಿನ ಬಗ್ಗೆ ಎಂದು ಕೇಳಿದ್ದಕ್ಕೆ, "ಹೋಬೆ ಬೌದಿ, ಹೋಬೆ," ಎಂದರು. ಹೋಬೆ ಎಂದರೆ ಆಗುತ್ತದೆ. ಈ ಊರಿನಲ್ಲಿ ಆಗದಿರುವ ಎಲ್ಲದಕ್ಕೂ ಈ ಒಂದು ಪದವಿದೆ; ಕನ್ನಡದಲ್ಲಿ ಇದಕ್ಕೆ ಸರಿಸಮನಾದದ್ದು ನನಗೆ ಸಿಗಲಿಲ್ಲ.

ಈಗ ಮೂರನೆಯ ಅಂಶಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಮೂಲದಲ್ಲಿ ಹೀಗಿತ್ತು: "ದುಡಿಯುವ ಮಹಿಳೆಯರಿಗಾಗಿ ಮಾರ್ಕೆಟಿನ ಪಕ್ಕ ನಾನು ಆಧುನಿಕ ಶೌಚಾಲಯವನ್ನು ಕಟ್ಟಿಸಿಕೊಟ್ಟಿದ್ದೇನೆ." ನಿಜವೇ. ಕಟ್ಟಡವಿದೆ, ತಿಳಿ ಹಸಿರು ಬಣ್ಣವಿದೆ, ಉದ್ಘಾಟನೆಯ ಕಲ್ಲಿನ ಮೇಲೆ ತಮ್ಮ ಹೆಸರು ಬಾಗಿಲಿಗಿಂತ ದೊಡ್ಡದಾಗಿದೆ. ಬಾಗಿಲಿಗೆ ಬೀಗವಿತ್ತು. ವಿಶ್ವೇಶ್ವರ ಕಿಟಕಿಯ ಸಂದಿಯಿಂದ ಇಣುಕಿ, "ಒಳಗ ಬರೇ ಝಂಡಾ ಅದಾವ್ರಿ, ಬಿದಿರು ಅದಾವ, ಮತ್ತ ಏನೋ ಒಂದು ದೊಡ್ಡ ಬಿಳೀ ಹಕ್ಕಿ ಕೂತದ," ಎಂದ.

ಬಾಗಿಲ ಎದುರಿಗೇ ಫುಟ್‌ಪಾತಿನಲ್ಲಿ ಖ್ಯಾಂತೊ ಮಾಸಿ, ಎಂದರೆ ಖ್ಯಾಂತೊ ಚಿಕ್ಕಮ್ಮ, ಬಾಳೆ ಎಲೆ, ಬಾಳೆ ಹೂವು, ಬಾಳೆ ದಿಂಡು ಇಟ್ಟುಕೊಂಡು ಕೂತಿರುತ್ತಾಳೆ. ನಮ್ಮ ಹೋಟೆಲಿಗೆ ಎಲೆ ಅವಳದೇ. ಬೆಳಗಿನ ನಾಲ್ಕು ಗಂಟೆಯ ಕ್ಯಾನಿಂಗ್ ಲೋಕಲ್ ರೈಲು ಹಿಡಿದು ಬರುತ್ತಾಳೆ, ಸಂಜೆ ಮರಳುತ್ತಾಳೆ. ಹತ್ತೊಂಬತ್ತು ವರ್ಷದಿಂದ ಅವಳ ಹತ್ತಿರ ಎಲೆ ಕೊಂಡು, ಮಳೆಯ ಬಗ್ಗೆ, ಸೊಸೆಯ ಬಗ್ಗೆ, ಹಾಳಾದ ರೈಲಿನ ಬಗ್ಗೆ ಮಾತಾಡಿದ್ದೇನೆ. ಆ ದಿನ ಮೊದಲ ಸಲ ಕೇಳಿದೆ, ಈ ಬಾಗಿಲು ಯಾವಾಗ ತೆಗೆಯುತ್ತಾರೆ ಎಂದು.

"ಉದ್ಘಾಟನೆಯ ದಿನ ತೆಗೆದಿದ್ದರು ಮಾ," ಎಂದಳು.

"ಮತ್ತೆ ನೀವೆಲ್ಲ ಏನು ಮಾಡುತ್ತೀರಿ?"

ಅವಳು ಒಂದು ಎಲೆಯ ದೂಳು ಒರೆಸಿ ಮಡಚಿಟ್ಟಳು. "ನೀರು ಕುಡಿದರಲ್ಲವೇ ಆ ಚಿಂತೆ. ಮನೆ ಬಿಟ್ಟ ಮೇಲೆ ಮನೆ ಸೇರುವವರೆಗೆ ನಾವು ನೀರು ಮುಟ್ಟುವುದಿಲ್ಲ."

ಅವಳ ಸಾಲಿನಲ್ಲಿ ಒಟ್ಟು ಒಂಬತ್ತು ಮಂದಿ ಹೆಂಗಸರು. ಜ್ಯೇಷ್ಠ ಮಾಸದ ಬಿಸಿಲಿನಲ್ಲಿಯೂ ಇದೇ ನಿಯಮವಂತೆ. ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ರೈಲಿನ ಸಮಯ ಹೇಳುವಂತೆ ಹೇಳಿದಳು. ಮಾನ್ಯರೇ, ಇಷ್ಟು ವರ್ಷ ಅವಳ ಎಲೆ ಬಾಡಿದೆಯೋ ಇಲ್ಲವೋ ಎಂದು ತಿರುಗಿಸಿ ಮುರುಗಿಸಿ ನೋಡಿದ ನಾನು, ಅವಳ ತುಟಿ ಒಣಗಿರುವುದನ್ನು ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಹೋಟೆಲಿನ ಹಿಂದಿನ ನಮ್ಮ ಮನೆಗೆ ಬಂದು ಹೋಗಿರೆಂದು ಕರೆದೆ. ಅಂಗಡಿ ಬಿಟ್ಟು ಅಷ್ಟು ದೂರ ಹೋದರೆ ಜಾಗ ಹೋಗುತ್ತದೆ ಎಂದಳು. ಆ ಮಧ್ಯಾಹ್ನ ಮನೆಗೆ ಬಂದು ಮೂರನೆಯ ಅಂಶವನ್ನು ಹೀಗೆ ಬರೆದೆ: "ಮಹಿಳೆಯರ ಕಕ್ಕಸನ್ನು ಕಟ್ಟಿಸಿ ಬೀಗ ಹಾಕಿಸಿದ್ದೇನೆ. ಒಳಗೆ ನಮ್ಮ ಬಾವುಟಗಳು ಸುಖವಾಗಿವೆ. ಹೊರಗೆ ಒಂಬತ್ತು ಮಂದಿ ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಕೂತಿದ್ದಾರೆ." ಶೌಚಾಲಯ ಎಂಬ ಪದ ಯಾಕೋ ಆ ಬೀಗಕ್ಕೆ ಒಗ್ಗಲಿಲ್ಲ.

ಕದ್ದುಮುಚ್ಚಿ ಮಾಡಿದ್ದೇನೆಂಬ ಆಪಾದನೆ ತಮ್ಮ ಕಮಿಟಿಯ ಕಾಗದದಲ್ಲಿದೆ. ಅದು ಸರಿಯಲ್ಲ. ಅನುಕೂಲ್‌ದಾ ಹಸ್ತಪ್ರತಿ ಕೊಂಡೊಯ್ಯಲು ಬಂದಾಗ, ಇದು ಮೂಲದಲ್ಲಿ ಇದ್ದಂತೆ ಇಲ್ಲ, ನಾನು ಕಂಡದ್ದನ್ನು ಬರೆದಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿದೆ. ಅವರು ವಡೆಯನ್ನು ಚಟ್ನಿಯಲ್ಲಿ ಅದ್ದುತ್ತ, "ಅನುವಾದವೆಂದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ ಬೌದಿ, ಭಾವ ಮುಖ್ಯ," ಎಂದರು. ಭಾವವನ್ನು ನಾನು ಎಲ್ಲಿಯೂ ಕಡಿಮೆ ಮಾಡಿರಲಿಲ್ಲ. ಕನ್ನಡ ಅಚ್ಚಿನ ಮೊಳೆಗಳು ಹತ್ತಿರದಲ್ಲೆಲ್ಲೂ ಸಿಗದ ಕಾರಣ ನನ್ನ ಕೈಬರಹದಲ್ಲೇ ಸ್ಟೆನ್ಸಿಲ್ ಕೊರೆಸಿ ನೂರಿಪ್ಪತ್ತು ಪ್ರತಿ ತೆಗೆಸಿದರು. ಆಮೇಲೆ ಅವರಿಗೇ ಹೊಳೆಯಿತು: ಫೆಬ್ರವರಿಯ ಮೊದಲ ಭಾನುವಾರ ನಮ್ಮ ಸಂಘದ ವಾರ್ಷಿಕೋತ್ಸವ, ತಾವು ಮುಖ್ಯ ಅತಿಥಿ, ಅಲ್ಲಿ ತಾವೇ ಕನ್ನಡದಲ್ಲಿ ಓದಿದರೆ ಹೇಗೆ? ಇಡೀ ಪಠ್ಯವನ್ನು ಬಂಗಾಳಿ ಅಕ್ಷರಗಳಲ್ಲಿ ಬರೆದುಕೊಡಬೇಕೆಂದು ನನಗೆ ಹೇಳಿದರು. ನಾನು ಬರೆದುಕೊಟ್ಟೆ. ಒಂದು ದೀರ್ಘವನ್ನೂ ಬಿಟ್ಟಿಲ್ಲ.

ಆ ಭಾನುವಾರವನ್ನು ನಮ್ಮ ಸಂಘ ಮರೆಯುವುದಿಲ್ಲ. ಮಾರ್ಕೆಟಿನ ಹಿಂದಿನ ಶಾಲೆಯ ಸಭಾಂಗಣದಲ್ಲಿ ಎಂಬತ್ತು ಜನ ಸೇರಿದ್ದರು. ತಾವು ಬಿಳಿ ಪಂಚೆ ಜುಬ್ಬಾದಲ್ಲಿ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಬಂಗಾಳಿ ನಾಲಗೆಯಲ್ಲಿ "ಪ್ರಿಯೊ ಕೊನ್ನೊಡೊ ಬೊಂಧುಗಳೇ" ಎಂದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಸೂರ್ಯನ ಸಹಾಯಕನ ವಿಷಯ ಬಂದಾಗ ಸಭೆಯಲ್ಲಿ ಒಂದು ಪಿಸುಮಾತು ಹರಿಯಿತು. ಚರಂಡಿಗೆ ಬರುವಷ್ಟರಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ತಾವು ಮೂರನೆಯದನ್ನು ಓದಿದಿರಿ: "ಮೊಹಿಳೆಯರೊ ಕೊಕ್ಕೊಶನ್ನು ಕಟ್ಟಿಶಿ ಬೀಗೊ ಹಾಕಿಶಿದ್ದೇನೆ." ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಲ್ಲಿಯೇ ಹುಟ್ಟಿ ಬೆಳೆದು, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ಮಕ್ಕಳಿಗೆ ಕನ್ನಡ ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿ ಕೂತಿದ್ದ ಮುರಾರಿಯವರ ಮುಖ ಮಾತ್ರ ಮೂರು ದಿನದ ದೋಸೆ ಹಿಟ್ಟಿನಂತಾಗಿತ್ತು. "ಮಾಡು ಹೋಯ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಯಾವ ಊರಿನ ಯಾವ ಶಾಸಕರು ತಮ್ಮ ಕೆಲಸದ ಬಗ್ಗೆ ಇಷ್ಟು ನಿಜವನ್ನು ಇಷ್ಟು ಗಟ್ಟಿಯಾಗಿ ಹೇಳಿದ್ದಾರೆ, ಹೇಳಿ. ತಮಗೂ ಜನರ ಪ್ರೀತಿ ತಟ್ಟಿತು. ತಾವು ಎದೆಯ ಮೇಲೆ ಕೈಯಿಟ್ಟು ಮೂರನೆಯ ಅಂಶವನ್ನು ಇನ್ನೊಮ್ಮೆ ಓದಿದಿರಿ, ಇನ್ನೊಮ್ಮೆ ಚಪ್ಪಾಳೆ. ಪೂರ್ತಿ ಓದಿ ಮುಗಿಸಿ ಕೂತ ಮೇಲೆ ಅನುಕೂಲ್‌ದಾರ ಕಿವಿಯಲ್ಲಿ ಏನೋ ಕೇಳಿದಿರಿ. ಅವರು ನನ್ನ ಹತ್ತಿರ ಬಂದು, "ಬೌದಿ, ಜನರಿಗೆ ಅಷ್ಟು ಹಿಡಿಸಿದ್ದು ಯಾವುದು?" ಎಂದರು. ಮಹಿಳೆಯರ ಶೌಚಾಲಯ ಎಂದೆ. ಅದು ಸುಳ್ಳಲ್ಲ.

ಅಲ್ಲಿಂದ ಮುಂದಿನದು ತಮ್ಮದೇ ಔದಾರ್ಯ. ಇವರಿಗೆ ಅಷ್ಟು ಇಷ್ಟವಾಗಿದ್ದರೆ ಈಗಲೇ ಎಲ್ಲರನ್ನೂ ಕರೆದೊಯ್ದು ತೋರಿಸೋಣ ಎಂದು ಕೊರಳ ಹಾರವನ್ನೂ ತೆಗೆಯದೆ ತಾವು ಹೊರಟಿರಿ. ರೇಷ್ಮೆ ಸೀರೆ ಉಟ್ಟ ನಲವತ್ತು ಹೆಂಗಸರು, ಶಲ್ಯ ಹೊದ್ದ ಗಂಡಸರು, ಮಕ್ಕಳು ಮರಿ, ನಮ್ಮ ಸಂಘದ ಹಾರ್ಮೋನಿಯಂ ಸಮೇತ ಮೆರವಣಿಗೆ ಲೇಕ್ ಮಾರ್ಕೆಟನ್ನು ಸುತ್ತಿ ತಿಳಿ ಹಸಿರು ಕಟ್ಟಡದ ಮುಂದೆ ನಿಂತಿತು. ತಾವು ಬಾಗಿಲನ್ನು ತಳ್ಳಿದಿರಿ. ಬೀಗ ನೋಡಿದಿರಿ. ತಮಗೆ ನಿಜಕ್ಕೂ ಗೊತ್ತಿರಲಿಲ್ಲವೆಂದು ಆಗಲೇ ನನಗೆ ತಿಳಿದದ್ದು; ಆ ಒಂದು ಗಳಿಗೆ ತಮ್ಮ ಮೇಲೆ ಕನಿಕರವೂ ಹುಟ್ಟಿತು.

ಅನುಕೂಲ್‌ದಾ ಎರಡೂ ಜೇಬು ತಡಕಿ ಸೈಕಲ್ಲಿನ ಬೀಗದ ಕೈ ತೆಗೆದರು, ಮನೆಯ ಕಪಾಟಿನದು ತೆಗೆದರು. ಇದರದ್ದು ಯಾರೋ ಕಾಮ್ರೇಡರ ಹತ್ತಿರವಿದೆಯಂತೆ. ಆ ಕಾಮ್ರೇಡ್ ಮಗಳ ಬಾಣಂತನಕ್ಕೆ ಬರ್ಧಮಾನಕ್ಕೆ ಹೋಗಿದ್ದಾರಂತೆ. ತಾವು ತಣ್ಣಗೆ "ಭಾಂಗೊ" ಎಂದಿರಿ, ಒಡೆಯಿರಿ ಎಂದು. ಐದು ವರ್ಷಗಳಲ್ಲಿ ತಾವು ಹೋಬೆ ಎನ್ನದೆ ಆಡಿದ ಮೊದಲ ಮಾತು ಅದು. ಅದನ್ನು ಕೇಳಿದ್ದಕ್ಕೆ ನನಗೆ ಹೆಮ್ಮೆಯಿದೆ. ಎಳನೀರಿನವನು ತನ್ನ ಕತ್ತಿಯ ಹಿಂಬದಿಯಿಂದ ನಾಲ್ಕು ಏಟು ಹಾಕಿದ. ಬಾಗಿಲು ತೆರೆದುಕೊಂಡದ್ದೇ ಬಿದಿರುಗಳು ಜಾರಿದವು, ಬಾವುಟದ ಕಟ್ಟುಗಳು ಉರುಳಿದವು, ಅವುಗಳ ಹಿಂದಿನಿಂದ ಯಾವುದೋ ಶಾಂತಿ ಮೆರವಣಿಗೆಗೆ ಕಾಗದದ ಗೊಜ್ಜಿನಲ್ಲಿ ಮಾಡಿದ್ದ ಆಳೆತ್ತರದ ಬಿಳಿ ಪಾರಿವಾಳ ಮೆಲ್ಲಗೆ ವಾಲಿ ತಮ್ಮನ್ನು ತಬ್ಬಿಕೊಂಡಿತು.

ಜನ ಪಾರಿವಾಳವನ್ನು ತಮ್ಮಿಂದ ಬಿಡಿಸುತ್ತಿರುವಾಗಲೇ ಖ್ಯಾಂತೊ ಮಾಸಿ ಗುಂಪನ್ನು ಸೀಳಿಕೊಂಡು ಬಂದಳು. ಅವಳಿಗೆ ಶಾಸಕರು ಯಾರೆಂಬುದು ಗೊತ್ತಿರಲಿಲ್ಲ; ಖಾಲಿ ಕೈಯಲ್ಲಿ ನಿಂತವರು ತಾವೊಬ್ಬರೇ ಕಂಡಿರಿ. "ಸ್ವಲ್ಪ ಹಿಡಿದುಕೊಳ್ಳಪ್ಪ," ಎಂದು ಬಾಳೆ ಹೂವಿನ ಬುಟ್ಟಿಯನ್ನು ತಮ್ಮ ಕೈಗಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳ ಹಿಂದೆ ನುಗ್ಗೆಕಾಯಿಯವಳು, ಅವಳ ಹಿಂದೆ ನಿಂಬೆಹಣ್ಣಿನವಳು, ಹೀಗೆ ಒಂಬತ್ತು ಮಂದಿ ಸಾಲಾಗಿ ನಿಂತರು, ಪ್ರತಿಯೊಬ್ಬಳೂ ತನ್ನ ಸರದಿ ಬಂದಾಗ ಬುಟ್ಟಿಯನ್ನು ತಮಗೇ ಒಪ್ಪಿಸಿದಳು. ತಾವು ಕೊರಳಲ್ಲಿ ಹಾರ, ಎರಡು ಕೈಯಲ್ಲಿ ಬುಟ್ಟಿ, ಕಾಲ ಬಳಿ ಬುಟ್ಟಿ, ಹೆಗಲ ಮೇಲೆ ಪಾಲಕ್ ಸೊಪ್ಪಿನ ಕಟ್ಟಿನೊಂದಿಗೆ ಸುಮಾರು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದಿರಿ. ಯಾರೋ ಫೋಟೊ ತೆಗೆದರು. ಮರುವಾರ ಅದು ಪತ್ರಿಕೆಯಲ್ಲಿ ಬಂದಿತು. ದುಡಿಯುವ ಮಹಿಳೆಯರ ಹೊರೆ ಹೊತ್ತ ನಾಯಕ ಎಂದು ಕೆಳಗೆ ಬರೆದಿದ್ದರು. ತಮ್ಮ ಗೆಲುವಿನ ಅಂತರ ಹೆಚ್ಚಿದ್ದು ಆ ಫೋಟೊದಿಂದಲೆಂದು ಅನುಕೂಲ್‌ದಾ ಅವರೇ ನಮ್ಮ ಹೋಟೆಲಿನಲ್ಲಿ ಕೂತು ನಾಲ್ಕು ಜನಕ್ಕೆ ಹೇಳಿದ್ದಾರೆ.

ಆ ದಿನದಿಂದ ಬಾಗಿಲು ತೆರೆದಿದೆ. ಹೊಸ ಬೀಗದ ಕೈ ಖ್ಯಾಂತೊ ಮಾಸಿಯ ಸೆರಗಿನ ತುದಿಯ ಗಂಟಿನಲ್ಲಿದೆ, ಚುನಾವಣೆಯ ಹೊತ್ತಿಗೆ ತಮ್ಮವರು ಬಾವುಟ ಇಡಲು ಕೇಳಿದಾಗಲೂ ಅವಳು ಗಂಟು ಬಿಚ್ಚಲಿಲ್ಲ. ಮೊನ್ನೆ ಎಲೆ ತರಲು ಹೋದಾಗ ಅವಳ ಪಕ್ಕದಲ್ಲಿ ಒಂದು ಮಣ್ಣಿನ ಕೂಜ ಕಂಡೆ. ನನ್ನೆದುರೇ ಎತ್ತಿ ಗಟಗಟನೆ ಕುಡಿದಳು. ನಾನು ಎಲೆ ಕೊಂಡು ಬಂದೆ.

ಎಲ್ಲ ಸುಖವಾಗಿರುವಾಗ ತಮಗೆ ಅರ್ಥ ಹೇಳಿಕೊಟ್ಟವರು ನಮ್ಮ ಸಂಘದವರೇ ಆದ ಬ್ಯಾಂಕಿನ ರಾಮಕೃಷ್ಣರಾಯರು. ಮಗನ ಶಾಲೆಯ ಸೀಟಿಗೆ ತಮ್ಮ ಶಿಫಾರಸು ಬೇಕಾಗಿ ಬಂದವರು, ತಾವು ಸಭೆಯಲ್ಲಿ ಓದಿದ್ದರ ಅರ್ಥವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ಹೇಳಿದರಂತೆ. ಅದರ ಫಲವೇ ಕಮಿಟಿಯ ಕಾಗದ. ಮುರಾರಿಯವರು ಅದನ್ನು ಓದಿಸಿಕೊಂಡು, ತಗಡಿನ ಮಾಡನ್ನು ನಾವೇ ಬಿಚ್ಚಿಡುವುದು ಮರ್ಯಾದೆಯೆಂದು ಏಣಿ ತಂದರು. ಬಿಚ್ಚಲು ನಾನು ಬಿಡಲಿಲ್ಲ.

ಈಗ ನನ್ನ ದೂರು. ಅನುವಾದ ತಪ್ಪೆಂದು ತಾವು ಹೇಳುತ್ತೀರಿ. ಫೆಬ್ರವರಿ ಒಂದರ ಬೆಳಗಿನವರೆಗೆ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ತಪ್ಪು ಮಾಡಿದವರು ತಾವು. ಬೀಗ ಒಡೆಸಿ ಮೂರನೆಯ ಅಂಶವನ್ನು ಹಾಡುಹಗಲೇ ಸುಳ್ಳು ಮಾಡಿಬಿಟ್ಟಿರಿ. ನೂರಾ ಹನ್ನೆರಡು ಮಂದಿ ಕನ್ನಡಿಗರ ಹತ್ತಿರ ನನ್ನ ಕೈಬರಹದ ಪ್ರತಿಗಳಿವೆ. ನಾಳೆ ಯಾರಾದರೂ ಅದನ್ನು ಹಿಡಿದು ಮಾರ್ಕೆಟಿಗೆ ಹೋಗಿ ನೋಡಿದರೆ ಈ ಅಂಬುಜಾ ಸುಳ್ಳುಗಾತಿ ಎನ್ನುವುದಿಲ್ಲವೇ? ಒಂಬತ್ತು ನಿಜಗಳ ನಡುವೆ ಒಂದು ಸುಳ್ಳು ನಿಂತಿರುವುದು ಅನುವಾದಕಿಯಾದ ನನಗೆ ಅವಮಾನ. ಆದ್ದರಿಂದ ಉಳಿದ ಒಂಬತ್ತು ಅಂಶಗಳನ್ನೂ ಆದಷ್ಟು ಬೇಗ ಸುಳ್ಳು ಮಾಡಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ದೀಪವನ್ನು ಸಂಜೆಯ ಪಾಳಿಗೆ ಹಾಕಿ. ಜಾರುಬಂಡೆಗೆ ಏಣಿ ಕೊಡಿಸಿ. ಚರಂಡಿಗೆ ಒಂದೇ ಒಂದು ತೂತು ಕೊರೆಸಿ. ವಿಶ್ವೇಶ್ವರನ ಪ್ರಬಂಧಕ್ಕೆ ಬೇಕಾದಷ್ಟು ಮರಿಗಳನ್ನು ಒಂದು ಬಕೆಟ್ಟಿನಲ್ಲಿ ತೆಗೆದಿಡುತ್ತೇವೆ. ಇವುಗಳಿಗೆ ಈ ರಾಜ್ಯದಲ್ಲಿ ಅವಕಾಶವಿಲ್ಲದಿದ್ದರೆ ಹರಿ ಪೋದ್ದಾರ್ ಲೇನನ್ನು ನಿಕರಾಗುವಾಕ್ಕೆ ಸೇರಿಸಿಬಿಡಿ, ಆಗಲಾದರೂ ವಿಧಾನಸಭೆಯಲ್ಲಿ ತಾವು ನಮ್ಮ ಬಗ್ಗೆ ಒಂಬತ್ತು ಸಲ ಮಾತಾಡುವಿರಿ.

ಇನ್ನೊಂದು ಸಣ್ಣ ವಿಷಯ. ಶೌಚಾಲಯದಿಂದ ಹೊರಬಿದ್ದ ಪಾರಿವಾಳವನ್ನು ತಾತ್ಕಾಲಿಕವಾಗಿ ಎಂದು ನಮ್ಮ ಹೋಟೆಲಿನ ಅಟ್ಟದಲ್ಲಿ ಇರಿಸಿದ್ದಾರೆ. ಎರಡೂವರೆ ತಿಂಗಳಾಯಿತು. ಅದರ ತಲೆ ಅಟ್ಟದಲ್ಲಿ ಹಿಡಿಯದೆ ಶುದ್ಧ ಸಸ್ಯಾಹಾರಿ ಎಂಬ ನಮ್ಮ ಹಲಗೆಯ ಮೇಲೆ ಕೊಕ್ಕು ಚಾಚಿಕೊಂಡಿದೆ, ಹೊಸ ಗಿರಾಕಿಗಳು ಅದನ್ನು 'ಅರ್ಧ ಪ್ಲೇಟ್' ಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ಮುರಾರಿಯವರಿಗೆ ಉತ್ತರ ಹೇಳಿ ಸಾಕಾಗಿದೆ. ಶಾಂತಿಯನ್ನು ದಯವಿಟ್ಟು ಬೇರೆಲ್ಲಾದರೂ ಸ್ಥಾಪಿಸಿ.

ತಾವು ಮುಂದಿನ ವಾರ್ಷಿಕೋತ್ಸವಕ್ಕೂ ಬಂದು ಕನ್ನಡದಲ್ಲಿಯೇ ಓದಬೇಕೆಂಬುದು ಸಂಘದ ಒಮ್ಮತದ ನಿರ್ಣಯ. ಪಠ್ಯವನ್ನು ನಾನು ಸಿದ್ಧಪಡಿಸಿರುತ್ತೇನೆ.

ಎರಡು ಬಾರಿಯೂ ತಮಗೇ ಮತ ಹಾಕಿದ, ಮೂರನೆಯ ಬಾರಿಗೆ ಇನ್ನೂ ಕಾದು ನೋಡುತ್ತಿರುವ,

ತಮ್ಮ ವಿಶ್ವಾಸಿ,
ಅಂಬುಜಾ

ತಾ.ಕ.: ಬ್ಯಾಂಕಿನ ರಾಮಕೃಷ್ಣರಾಯರಿಗೆ ಕಳೆದ ವಾರ ಹುಬ್ಬಳ್ಳಿಗೆ ವರ್ಗವಾಯಿತು. ತಮ್ಮ ಕಮಿಟಿಗೆ ಈಗ ಕನ್ನಡ ಓದಿ ಹೇಳುವವರು ಬೇರೆ ಯಾರೂ ಇಲ್ಲದ ಕಾರಣ, ಈ ಪತ್ರವನ್ನು ತಮಗಾಗಿ ಬಂಗಾಳಿಗೆ ಅನುವಾದಿಸುವ ಕೆಲಸವನ್ನು ಅನುಕೂಲ್‌ದಾ ನನಗೇ ವಹಿಸಿದ್ದಾರೆ. ಅನುವಾದ ಮುಗಿದಿದೆ. ಅದರಲ್ಲಿ ನಾನು ಮೂರು ಕಡೆ ಕ್ಷಮೆ ಕೇಳಿದ್ದೇನೆ, ತಾವು ಅದನ್ನು ಓದಿ ಮನ್ನಿಸಿದ್ದೀರೆಂದೂ ಕೊನೆಯಲ್ಲಿ ಬರೆದಿದ್ದೇನೆ. ತಮ್ಮ ಸಹಿಗೆ ಜಾಗ ಬಿಟ್ಟಿದೆ.